ಹಸಿದ ಕಣ್ಣಿನ ಕೂಗು

ಸಕ್ಕರೆಯ ಖಾಯಿಲೆ ನೋವಿಲ್ಲದೆ ದೃಷ್ಟಿಯನ್ನು ಕದಿಯುವುದು ಹೇಗೆ? ಇದರ ಗುಟ್ಟು ವೈದ್ಯರಿಗೆ ತಿಳಿಯಲು ಸುಮಾರು ನೂರ ನಲವತ್ತು ವರ್ಷ ಬೇಕಾಯಿತು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಯಜಮಾನರು ನಿವೃತ್ತ ಉಪಾಧ್ಯಾಯರು. ವಯಸ್ಸು ಅರವತ್ತರ ಆಸುಪಾಸು. ಹದಿನೈದು ವರ್ಷಗಳಿಂದ ಅವರಿಗೆ ಸಕ್ಕರೆಯ ಖಾಯಿಲೆ ಇದೆ. ಅದು ಅವರಿಗೆ ದೊಡ್ಡ ವಿಷಯವಾಗಿ ತೋರಿಲ್ಲ. ಕಾಫಿಗೆ ಸಕ್ಕರೆ ಬಿಟ್ಟಿದ್ದಾರೆ. ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುತ್ತಾರೆ. ಹಬ್ಬದ ದಿನ ಮಾತ್ರ ಹೋಳಿಗೆಗೆ ವಿನಾಯಿತಿ. ಒಂದು ಬೆಳಗ್ಗೆ ಜಗುಲಿಯ ಮೇಲೆ ಕುಳಿತು ಪತ್ರಿಕೆ ಬಿಡಿಸುತ್ತಾರೆ. ಬಲಗಣ್ಣಿನ ಮುಂದೆ ಜೇಡರ ಬಲೆಯೊಂದು ತೂಗಾಡುತ್ತಿದೆ! ಕೈಯಿಂದ ಸರಿಸಿದರೆ ಸರಿಯದು. ಕನ್ನಡಕವನ್ನು ಪಂಚೆಯ ಚುಂಗಿನಿಂದ ಒರೆಸಿದರೂ ಹೋಗದು. ಕಣ್ಣು ಹೊರಳಿದ ಕಡೆಗೆ ಆ ಕರಿಯ ಎಳೆಗಳೂ ಹೊರಳುತ್ತವೆ. ಮಧ್ಯಾಹ್ನದ ಹೊತ್ತಿಗೆ ಬಲೆ ಪರದೆಯಾಗಿದೆ. ಎದುರಿಗೆ ನಿಂತ ಹೆಂಡತಿಯ ಮುಖ ಹೊಗೆಯ ಹಿಂದೆ ಇರುವಂತೆ ಕಾಣುತ್ತದೆ.

ನೋವಿಲ್ಲ, ಉರಿಯಿಲ್ಲ, ಕಣ್ಣು ಕೆಂಪಗಾಗಿಲ್ಲ. ಹಿಂದಿನ ರಾತ್ರಿಯವರೆಗೂ ದೃಷ್ಟಿ ಚೆನ್ನಾಗಿಯೇ ಇತ್ತು.

“ಪೊರೆ ಬಂದಿರಬೇಕು ಅಪ್ಪಾ, ತೆಗೆಸಿಬಿಟ್ಟರಾಯಿತು” ಎನ್ನುತ್ತಾನೆ ಮಗ. ನಮ್ಮ ಜನ ಹೀಗೆ ಭಾವಿಸುವುದು ಸಹಜವೇ. ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹೂಡಿ, ಸಾವಿರ ಸಾವಿರ ಬಡವರ ಕಣ್ಣಿನ ಪೊರೆ ತೆಗೆದು ಬೆಳಕು ಕೊಟ್ಟ ನಾಡು ಇದು. ಕಣ್ಣು ಮಂಜಾದರೆ ಪೊರೆ, ಪೊರೆ ತೆಗೆದರೆ ಮತ್ತೆ ಬೆಳಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆದರೆ ಈ ಮೇಷ್ಟರ ಕಣ್ಣಿಗೆ ಬಂದಿರುವುದು ಪೊರೆಯಲ್ಲ. ಪೊರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬಲಿಯುವಂಥದು. ಇಲ್ಲಿ ಕಣ್ಣಿನ ಗೋಲದೊಳಗೆ ರಕ್ತ ಸೋರಿದೆ. ಇರಬಾರದ ಜಾಗದಲ್ಲಿ ಬೆಳೆದು ನಿಂತಿದ್ದ, ಅತಿ ದುರ್ಬಲವಾದ ರಕ್ತನಾಳವೊಂದು ಒಡೆದಿದೆ.

ಆ ರಕ್ತನಾಳ ಅಲ್ಲಿಗೆ ಬಂದದ್ದು ಹೇಗೆ? ಅದನ್ನು ಕರೆದವರು ಯಾರು? ಕರೆದದ್ದು ಬೇರೆ ಯಾರೂ ಅಲ್ಲ, ಸ್ವತಃ ಕಣ್ಣೇ. ಹಸಿವಿನಿಂದ ಕಂಗೆಟ್ಟ ಕಣ್ಣು ಅನ್ನಕ್ಕಾಗಿ ಕೂಗಿತು. ಆ ಕೂಗಿಗೆ ಓಗೊಟ್ಟು ಬಂದದ್ದು ಅನ್ನವಲ್ಲ, ಅನಾಹುತ.

ಕಣ್ಣೆಂಬ ಕಿಟಕಿ

ಕಣ್ಣಿನ ಗೋಲದ ಹಿಂಗೋಡೆಗೆ ಒಳಗಿನಿಂದ ಹಾಸಿದಂತೆ ಒಂದು ತೆಳುವಾದ ಪದರವಿದೆ. ಅದೇ ಅಕ್ಷಿಪಟಲ, ವೈದ್ಯರು ಅದನ್ನು ರೆಟಿನಾ ಎನ್ನುತ್ತಾರೆ. ಅದರ ದಪ್ಪ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ಮಾತ್ರ. ಹೊರಗಿನ ಬೆಳಕನ್ನು ಹಿಡಿದು, ಅದನ್ನು ನರಗಳ ಭಾಷೆಗೆ ತಿರುಗಿಸಿ, ಮಿದುಳಿಗೆ ಕಳುಹಿಸುವ ಕೆಲಸ ಇದರದು. ಇದರ ನಡುವಿನ ಪುಟ್ಟ ಹಳದಿ ಚುಕ್ಕೆಯಿಂದಲೇ ನಾವು ಅಕ್ಷರ ಓದುವುದು, ಮುಖ ಗುರುತಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು. ಇಷ್ಟು ದುಡಿಯುವ ಅಂಗಕ್ಕೆ ಹಸಿವೂ ಹೆಚ್ಚು. ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ, ದೇಹದಲ್ಲಿ ಅತ್ಯಂತ ಹೆಚ್ಚಾಗಿ ಆಮ್ಲಜನಕವನ್ನು ಬಳಸುವ ಅಂಗಗಳಲ್ಲಿ ಅಕ್ಷಿಪಟಲವೂ ಒಂದು. ಕೂದಲಿಗಿಂತ ಎಷ್ಟೋ ಸಣ್ಣದಾದ ಲೋಮನಾಳಗಳ ಜಾಲ ಹಗಲಿರುಳೂ ಅದಕ್ಕೆ ರಕ್ತವನ್ನು ಉಣಿಸುತ್ತಿರುತ್ತದೆ.

1851ರಲ್ಲಿ ಜರ್ಮನಿಯ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವನ್ನು ಲೋಕಕ್ಕೆ ಪರಿಚಯಿಸಿದನು. ಕೊಯ್ಯದೆ, ಚುಚ್ಚದೆ, ಜೀವಂತ ಮನುಷ್ಯನ ರಕ್ತನಾಳಗಳನ್ನು ಕಣ್ಣಾರೆ ಕಾಣಲು ಅಂದಿನಿಂದ ಸಾಧ್ಯವಾಯಿತು. ನಾಲ್ಕೇ ವರ್ಷಗಳಲ್ಲಿ, 1855ರಲ್ಲಿ, ವಿಯೆನ್ನಾ ನಗರದ ಎಡ್ವರ್ಡ್ ಯೇಗರ್ ಎಂಬ ನೇತ್ರವೈದ್ಯನು ಸಕ್ಕರೆ ರೋಗಿಯೊಬ್ಬನ ಅಕ್ಷಿಪಟಲದಲ್ಲಿ ಹಳದಿ ಕಲೆಗಳನ್ನೂ ರಕ್ತದ ಚುಕ್ಕೆಗಳನ್ನೂ ಕಂಡು ವರ್ಣಿಸಿದನು. ಇದು ಸಕ್ಕರೆ ರೋಗದಿಂದಲೇ ಆದದ್ದೆಂದು ಒಪ್ಪಲು ಅನೇಕ ವೈದ್ಯರು ಬಹುಕಾಲ ಸಿದ್ಧರಿರಲಿಲ್ಲ.

ಅದಕ್ಕೊಂದು ದಾರುಣವಾದ ಕಾರಣವೂ ಇತ್ತು. ಎಳೆಯ ವಯಸ್ಸಿನಲ್ಲಿ ತೀವ್ರವಾದ ಸಕ್ಕರೆ ರೋಗಕ್ಕೆ ತುತ್ತಾದವರು ಕಣ್ಣು ಕೆಡುವ ತನಕ ಬದುಕಿ ಉಳಿಯುತ್ತಲೇ ಇರಲಿಲ್ಲ. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಅದನ್ನು ಮೊದಲು ಕೊಟ್ಟರು. ಸಾಯಬೇಕಾಗಿದ್ದವರು ಬದುಕಿದರು. ಹದಿನೈದು ಇಪ್ಪತ್ತು ವರ್ಷ ಬದುಕಿದ ಮೇಲೆ ಅವರಲ್ಲಿ ಅನೇಕರು ಕುರುಡರಾಗತೊಡಗಿದರು. ಪ್ರಾಣ ಉಳಿಸಿದ ಔಷಧವೇ, ಅದುವರೆಗೆ ಮರೆಯಲ್ಲಿದ್ದ ಮತ್ತೊಂದು ವಿಪತ್ತನ್ನು ಬೆಳಕಿಗೆ ತಂದಿತು.

ಕಾವಲುಗಾರರ ಸಾವು

ಅಕ್ಷಿಪಟಲದ ಲೋಮನಾಳಗಳ ಹೊರಮೈಗೆ ಕೆಲವು ಜೀವಕೋಶಗಳು ತಬ್ಬಿಕೊಂಡಿರುತ್ತವೆ. ಪೆರಿಸೈಟ್ ಎಂದು ಅವುಗಳ ಹೆಸರು. ನಾಳದ ಗೋಡೆಗೆ ಆಸರೆ ಕೊಡುವುದು, ರಕ್ತದ ಹರಿವನ್ನು ಹತೋಟಿಯಲ್ಲಿಡುವುದು ಅವುಗಳ ಕೆಲಸ. 1960ರ ಸುಮಾರಿಗೆ ಅಮೆರಿಕದ ಬಾಸ್ಟನ್ ನಗರದಲ್ಲಿ ಡೇವಿಡ್ ಕೋಗನ್ ಮತ್ತು ತೋಯಿಚಿರೊ ಕುವಾಬಾರ ಎಂಬ ಸಂಶೋಧಕರು ಒಂದು ಚತುರ ಉಪಾಯವನ್ನು ಹೂಡಿದರು. ಮೃತರ ಕಣ್ಣಿನ ಅಕ್ಷಿಪಟಲವನ್ನು ಜೀರ್ಣದ್ರವ್ಯದಲ್ಲಿ ನೆನೆಸಿ, ಉಳಿದುದೆಲ್ಲ ಕರಗಿ ರಕ್ತನಾಳಗಳ ಬಲೆಯೊಂದೇ ಉಳಿಯುವಂತೆ ಮಾಡಿದರು. ಸಕ್ಕರೆ ರೋಗಿಗಳ ಬಲೆಯಲ್ಲಿ ಈ ಕಾವಲು ಕೋಶಗಳು ಸತ್ತು, ಅವು ಇದ್ದ ಸ್ಥಳ ಬರಿದಾಗಿರುವುದು ಕಂಡಿತು.

ರಕ್ತದಲ್ಲಿ ವರ್ಷಗಟ್ಟಲೆ ಸಕ್ಕರೆ ಮಿತಿಮೀರಿದ್ದರೆ ಮೊದಲು ಕೆಡುವುದು ಈ ಗೋಡೆ. ಕಾವಲು ತಪ್ಪಿದ ನಾಳ ಅಲ್ಲಲ್ಲಿ ಉಬ್ಬಿ, ಸಾಸಿವೆಗಿಂತಲೂ ಸಣ್ಣ ಗುಳ್ಳೆಗಳಾಗುತ್ತದೆ. ಕೆಲವೆಡೆ ಗೋಡೆ ಸಡಿಲವಾಗಿ ರಕ್ತದ ನೀರು ಸೋರುತ್ತದೆ. ಆ ನೀರು ಹಳದಿ ಚುಕ್ಕೆಯ ಬಳಿ ತುಂಬಿಕೊಂಡರೆ, ಮಳೆನೀರು ಇಳಿದ ಗೋಡೆಯ ಸುಣ್ಣ ಉಬ್ಬುವ ಹಾಗೆ, ಅಕ್ಷಿಪಟಲ ಉಬ್ಬುತ್ತದೆ. ಆಗ ನೇರವಾದ ಗೆರೆ ಡೊಂಕಾಗಿ ಕಾಣುತ್ತದೆ, ಅಕ್ಷರ ಕಲಸಿದಂತಾಗುತ್ತದೆ. ಇನ್ನು ಕೆಲವೆಡೆ ನಾಳಗಳು ಮುಚ್ಚಿಯೇ ಹೋಗುತ್ತವೆ. ಅಂಥ ಕಡೆ ಅಕ್ಷಿಪಟಲ ಸಾಯುವುದಿಲ್ಲ, ಅರೆಹೊಟ್ಟೆಯಲ್ಲಿ ಬದುಕಿರುತ್ತದೆ. ಕೂಗು ಏಳುವುದು ಅಲ್ಲಿಂದ.

ಹೆಸರಿಲ್ಲದ ದ್ರವ್ಯ

ಈ ಕೂಗನ್ನು ಮೊದಲು ಊಹಿಸಿದವನು ಸ್ಕಾಟ್ಲೆಂಡಿನ ನೇತ್ರವೈದ್ಯ ಐಸಾಕ್ ಮೈಕೆಲ್‌ಸನ್. ಬೆಳೆಯುತ್ತಿರುವ ಅಕ್ಷಿಪಟಲದಲ್ಲಿ ರಕ್ತನಾಳಗಳು ಹೇಗೆ ಹಬ್ಬುತ್ತವೆ ಎಂಬುದನ್ನು ಅವನು ಸೂಕ್ಷ್ಮವಾಗಿ ಗಮನಿಸಿದನು. ಆಮ್ಲಜನಕ ಸಮೃದ್ಧವಾಗಿರುವ ಶುದ್ಧರಕ್ತನಾಳಗಳ ಸುತ್ತ ಹೊಸ ಚಿಗುರುಗಳೇ ಇಲ್ಲ; ಆಮ್ಲಜನಕ ಕಡಿಮೆಯಿರುವ ಮಲಿನರಕ್ತನಾಳಗಳಿಂದಲೇ ಚಿಗುರು ಹೊರಡುತ್ತಿದೆ. ಅಂದಮೇಲೆ ಉಸಿರಿಗೆ ಬಡತನವಾದ ಕಡೆ ಅಕ್ಷಿಪಟಲ ಯಾವುದೋ ದ್ರವ್ಯವನ್ನು ಸ್ರವಿಸಿ ರಕ್ತನಾಳಗಳನ್ನು ಬರಮಾಡಿಕೊಳ್ಳುತ್ತಿರಬೇಕೆಂದು 1948ರಲ್ಲಿ ಅವನು ತರ್ಕಿಸಿದನು. ಸಕ್ಕರೆ ರೋಗದಲ್ಲಿ ಬೆಳೆಯುವ ಕೆಟ್ಟ ನಾಳಗಳಿಗೂ ಇದೇ ಕಾರಣವಿರಬಹುದೆಂಬುದು ಅವನ ಅನುಮಾನ. 1956ರಲ್ಲಿ ಅಮೆರಿಕದ ಜಾರ್ಜ್ ವೈಸ್ ಈ ಅಜ್ಞಾತ ದ್ರವ್ಯಕ್ಕೆ ಬೀಜಗಣಿತದ ರೀತಿಯಲ್ಲಿ ‘ಎಕ್ಸ್’ ಎಂದು ಕರೆದನು.

ಇದಕ್ಕೆ ಪುಷ್ಟಿ ದೊರೆತದ್ದು ಹಸುಗೂಸುಗಳ ದುರಂತದಿಂದ. ತಿಂಗಳು ತುಂಬದೆ ಹುಟ್ಟಿದ ಶಿಶುಗಳನ್ನು ಉಳಿಸಲು 1940ರ ದಶಕದಲ್ಲಿ ಪಾಶ್ಚಾತ್ಯ ಆಸ್ಪತ್ರೆಗಳಲ್ಲಿ ಅವುಗಳಿಗೆ ಧಾರಾಳವಾಗಿ ಆಮ್ಲಜನಕ ಕೊಡುತ್ತಿದ್ದರು. ಶಿಶುಗಳೇನೋ ಬದುಕಿದವು, ಆದರೆ ಸಾವಿರಾರು ಶಿಶುಗಳು ದೃಷ್ಟಿ ಕಳೆದುಕೊಂಡವು. ಲಂಡನ್ನಿನ ನಾರ್ಮನ್ ಆಷ್ಟನ್ ಬೆಕ್ಕಿನ ಮರಿಗಳ ಮೇಲೆ ಪ್ರಯೋಗ ಮಾಡಿ, 1954ರಲ್ಲಿ ಇದರ ಕ್ರಮವನ್ನು ವಿವರಿಸಿದನು. ಹೆಚ್ಚಿನ ಆಮ್ಲಜನಕದಲ್ಲಿ ಎಳೆಯ ರಕ್ತನಾಳಗಳು ಮುದುಡಿ ಹೋಗುತ್ತವೆ. ಮರಿಯನ್ನು ಸಾಮಾನ್ಯ ಗಾಳಿಗೆ ತಂದೊಡನೆ, ನಾಳಗಳಿಲ್ಲದ ಅಕ್ಷಿಪಟಲಕ್ಕೆ ಉಸಿರು ಸಾಲದೆ, ಹೊಸ ನಾಳಗಳು ಕಾಡುಬಳ್ಳಿಯಂತೆ ನುಗ್ಗಿ ಬೆಳೆಯುತ್ತವೆ. ಶಿಶುವಿನ ಕಣ್ಣಾಗಲಿ, ವೃದ್ಧನ ಕಣ್ಣಾಗಲಿ, ಹಸಿದ ಅಕ್ಷಿಪಟಲದ ನಡತೆ ಒಂದೇ ಬಗೆ.

ಕೋಪನ್‌ಹೇಗನ್ನಿನ ತಾಯಿ

‘ಎಕ್ಸ್’ ಯಾವುದೆಂದು ತಿಳಿಯದೆ ವೈದ್ಯರು ಕತ್ತಲೆಯಲ್ಲಿ ತಡಕಾಡುತ್ತಿದ್ದಾಗ, 1953ರಲ್ಲಿ ಡೆನ್ಮಾರ್ಕಿನಿಂದ ಒಂದು ವಿಚಿತ್ರ ವರದಿ ಬಂದಿತು. ಕೋಪನ್‌ಹೇಗನ್ನಿನ ವೈದ್ಯ ಯಾಕೋಬ್ ಪೌಲ್ಸನ್ ಬರೆದದ್ದು ಒಬ್ಬ ಸಕ್ಕರೆ ರೋಗಿಣಿಯ ವಿಷಯ. ಆಕೆಯ ಅಕ್ಷಿಪಟಲ ಕೆಟ್ಟಿತ್ತು. ಹೆರಿಗೆಯ ನಂತರ ಆಕೆಯ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯೂ ನಾಶವಾಯಿತು. ಆದರೆ ಗ್ರಂಥಿ ಸತ್ತ ಮೇಲೆ ಕಣ್ಣು ಸುಧಾರಿಸತೊಡಗಿತು!

ಈ ಒಂದು ಘಟನೆಯ ಆಧಾರದ ಮೇಲೆ, 1950 ಮತ್ತು 60ರ ದಶಕಗಳಲ್ಲಿ ಹಲವು ದೇಶಗಳ ವೈದ್ಯರು ಕುರುಡಾಗುತ್ತಿದ್ದ ಸಕ್ಕರೆ ರೋಗಿಗಳ ಪಿಟ್ಯುಟರಿ ಗ್ರಂಥಿಯನ್ನೇ ತೆಗೆದುಹಾಕಿದರು, ಇಲ್ಲವೆ ವಿಕಿರಣದಿಂದ ಸುಟ್ಟರು. ಆ ಗ್ರಂಥಿ ಸ್ರವಿಸುವ ಬೆಳವಣಿಗೆಯ ಹಾರ್ಮೋನು ಹೊಸ ನಾಳಗಳು ಚಿಗುರಲು ನೆರವಾಗುತ್ತದೆ. ಆದಕಾರಣ ಕೆಲವರ ದೃಷ್ಟಿ ಉಳಿದದ್ದು ನಿಜ. ಆದರೆ ಎಂಥ ಬೆಲೆ! ಜೀವಮಾನವಿಡೀ ಹಾರ್ಮೋನುಗಳ ಊರುಗೋಲು. ಇನ್ಸುಲಿನ್ ಸ್ವಲ್ಪ ಹೆಚ್ಚಾದರೂ ಮೂರ್ಛೆ. ಕೆಲವರಿಗೆ ಪ್ರಾಣವೇ ಹೋಯಿತು. ಒಂದು ಕಣ್ಣಿಗಾಗಿ ಇಡೀ ದೇಹವನ್ನು ಒತ್ತೆಯಿಟ್ಟಂತಾಯಿತು. ಮತ್ತೊಂದು ದಾರಿ ತೆರೆದೊಡನೆ ವೈದ್ಯರು ಇದನ್ನು ಕೈಬಿಟ್ಟರು.

ಸುಟ್ಟು ಉಳಿಸಿದ ದೃಷ್ಟಿ

ಆ ದಾರಿಗೆ ಗ್ರಹಣವೊಂದು ನಿಮಿತ್ತವಾಯಿತು. 1945ರ ಜುಲೈ 9ರಂದು ಸೂರ್ಯಗ್ರಹಣ. ಜರ್ಮನಿಯಲ್ಲಿ ವಿದ್ಯಾರ್ಥಿಯೊಬ್ಬ ಅದನ್ನು ಬರಿಗಣ್ಣಿನಿಂದ ನೋಡಿ ಅಕ್ಷಿಪಟಲವನ್ನು ಸುಟ್ಟುಕೊಂಡ. ಅವನ ಕಣ್ಣಿನ ಕಲೆಯನ್ನು ಕಂಡ ತರುಣ ವೈದ್ಯ ಗೆರ್ಡ್ ಮೇಯರ್-ಶ್ವಿಕರಾತ್‌ನಿಗೆ ಒಂದು ಯೋಚನೆ ಹೊಳೆಯಿತು: ಕೆಡಿಸುವ ಬೆಳಕನ್ನೇ ಹದವರಿತು ಹಾಯಿಸಿದರೆ ಅದು ಚಿಕಿತ್ಸೆಯಾಗಬಾರದೇಕೆ? ಮೊದಲು ಕನ್ನಡಿಗಳಿಂದ ಬಿಸಿಲನ್ನೇ ಹಿಡಿದು ರೋಗಿಯ ಕಣ್ಣಿಗೆ ಬಿಟ್ಟನು. ಬಳಿಕ ವಿದ್ಯುದ್ದೀಪ ಬಂತು. 1960ರಲ್ಲಿ ಲೇಸರ್ ಹುಟ್ಟಿದ ಮೇಲೆ ಅದೂ ಕಣ್ಣಿನ ಸೇವೆಗೆ ನಿಂತಿತು.

ಬಾಸ್ಟನ್ನಿನ ಜಾಸ್ಲಿನ್ ಚಿಕಿತ್ಸಾಲಯದಲ್ಲಿ ವಿಲಿಯಂ ಬೀಥಮ್ ಮತ್ತು ಲಾಯ್ಡ್ ಎಂ. ಐಯೆಲೊ ಎಂಬ ವೈದ್ಯರು ಒಂದು ಸಂಗತಿಯನ್ನು ಗಮನಿಸಿದ್ದರು. ಹಳೆಯ ರೋಗದಿಂದಲೋ ಗಾಯದಿಂದಲೋ ಅಕ್ಷಿಪಟಲದ ಬಹುಭಾಗ ಮೊದಲೇ ಒಣಗಿ ಕಲೆಯಾಗಿದ್ದರೆ, ಅಂಥ ಕಣ್ಣಿಗೆ ಸಕ್ಕರೆಯ ಬಾಧೆ ತಟ್ಟುವುದಿಲ್ಲ. ಹಾಗಾದರೆ ಕಲೆಗಳನ್ನು ನಾವೇ ಉಂಟುಮಾಡಿದರೆ? ಹಳದಿ ಚುಕ್ಕೆಯನ್ನು ಮುಟ್ಟದೆ, ಅಕ್ಷಿಪಟಲದ ಅಂಚಿನ ಕಡೆಗೆಲ್ಲ ನೂರಾರು ಸಣ್ಣ ಸುಟ್ಟ ಚುಕ್ಕೆಗಳನ್ನು ಎರಚಿದಂತೆ ಹಾಕಿದರು. ಕೆಟ್ಟ ನಾಳಗಳು ಬಾಡಿದವು. 1972ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ 1,700ಕ್ಕೂ ಮಿಕ್ಕ ರೋಗಿಗಳ ಒಂದೊಂದು ಕಣ್ಣಿಗೆ ಈ ಚಿಕಿತ್ಸೆ ಮಾಡಿ, ಮತ್ತೊಂದನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡತೊಡಗಿದವು. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರವಾದ ದೃಷ್ಟಿನಾಶ ಅರ್ಧಕ್ಕಿಂತಲೂ ಕಡಿಮೆಯಾಯಿತೆಂದು 1976ರಲ್ಲಿ ಘೋಷಿಸಿದವು.

ಸುಟ್ಟರೆ ಕಣ್ಣು ಉಳಿಯುವುದೇಕೆ? ಹತ್ತು ಬಾಯಿಗೆ ಸಾಲದ ಗಂಜಿ ಆರು ಬಾಯಿಗೆ ಸಾಕಾದೀತು. ಅಂಚಿನ ಹಸಿದ ಕೋಶಗಳು ಇಲ್ಲವಾದರೆ, ಇದ್ದ ಆಮ್ಲಜನಕ ಉಳಿದವಕ್ಕೆ ಸಾಲುತ್ತದೆ, ಕೂಗು ಅಡಗುತ್ತದೆ. ಆದರೆ ಪಕ್ಕದ ನೋಟವೂ ಇರುಳಿನ ನೋಟವೂ ಸ್ವಲ್ಪ ಕುಂದುತ್ತವೆ. ಮನೆಯ ನಡುವಣ ಕೋಣೆಯನ್ನು ಉಳಿಸಲು ಹೊರಗಿನ ಚಾವಡಿಯನ್ನು ಬಿಟ್ಟುಕೊಟ್ಟಂತೆ.

ಅಪರಿಚಿತನ ಗುರುತು

ಇಷ್ಟಾದರೂ ‘ಎಕ್ಸ್’ ಯಾರೆಂದು ತಿಳಿದಿರಲಿಲ್ಲ. ಅವನ ಸುಳಿವು ಸಿಕ್ಕಿದ್ದು ಕಣ್ಣಿನಲ್ಲಲ್ಲ, ಏಡಿಹುಣ್ಣಿನಲ್ಲಿ. ಕ್ಯಾನ್ಸರ್ ಗಡ್ಡೆಯೂ ರಕ್ತಕ್ಕೆ ಹಸಿದದ್ದೇ. ಅದೂ ಹೊಸ ನಾಳಗಳನ್ನು ಬರಮಾಡಿಕೊಳ್ಳುತ್ತದೆ, ಅವನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದೆಂದು 1971ರಲ್ಲಿ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಸಾರಿದಾಗ ನಂಬಿದವರು ಕಡಿಮೆ. 1983ರಲ್ಲಿ ಬಾಸ್ಟನ್ನಿನ ಡೊನಾಲ್ಡ್ ಸೆಂಗರ್ ಮತ್ತು ಹೆರಾಲ್ಡ್ ಡ್ವೊರಾಕ್, ಗಡ್ಡೆಗಳು ಸ್ರವಿಸುವ ಒಂದು ಪ್ರೋಟೀನು ರಕ್ತನಾಳಗಳನ್ನು ವಿಪರೀತವಾಗಿ ಸೋರಿಸುತ್ತದೆಂದು ತೋರಿಸಿದರು. 1989ರಲ್ಲಿ ಕ್ಯಾಲಿಫೋರ್ನಿಯಾದ ನೆಪೋಲಿಯೋನ್ ಫೆರಾರ, ಹೊಸ ನಾಳಗಳನ್ನು ಚಿಗುರಿಸುವ ಒಂದು ಪ್ರೋಟೀನನ್ನು ಶುದ್ಧಿಮಾಡಿ, ಅದಕ್ಕೆ ವಿ.ಇ.ಜಿ.ಎಫ್. ಎಂದು ಹೆಸರಿಟ್ಟನು. ರಕ್ತನಾಳದ ಒಳಪದರದ ಬೆಳವಣಿಗೆಯನ್ನು ಪ್ರಚೋದಿಸುವ ವಸ್ತು ಎಂದು ಅದರ ಅರ್ಥ. ಸೋರಿಸುವ ಪ್ರೋಟೀನೂ ಚಿಗುರಿಸುವ ಪ್ರೋಟೀನೂ ಬೇರೆ ಬೇರೆಯಲ್ಲ, ಒಂದೇ ಎಂದು ಅದೇ ವರ್ಷ ಬಯಲಾಯಿತು!

ಇನ್ನೊಂದು ಸ್ವಾರಸ್ಯವಿದೆ. ಫೆರಾರ ಆ ಪ್ರೋಟೀನನ್ನು ಪಡೆದದ್ದು ಹಸುವಿನ ಪಿಟ್ಯುಟರಿ ಗ್ರಂಥಿಯ ಕೋಶಗಳಿಂದ. ಕೋಪನ್‌ಹೇಗನ್ನಿನ ತಾಯಿಯ ಕಣ್ಣು ಸುಧಾರಿಸಿದ್ದಕ್ಕೆ ಕಾರಣ ಬೇರೆ. ಆದರೂ ಕಥೆ ಸುತ್ತಿ ಬಳಸಿ ಅದೇ ಗ್ರಂಥಿಯ ಬಾಗಿಲಿಗೆ ಬಂದು ನಿಂತದ್ದು ಸೋಜಿಗವಲ್ಲವೆ?

ಆಮ್ಲಜನಕ ಕಡಿಮೆಯಾದಾಗ ಕೋಶಗಳು ಈ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತವೆಂದು 1992ರಲ್ಲಿ ಗೊತ್ತಾಯಿತು. 1994ರಲ್ಲಿ ಬಾಸ್ಟನ್ನಿನಿಂದಲೇ ಕೊನೆಯ ಸಾಕ್ಷಿ ಬಂತು. ಲೇಸರ್ ಚಿಕಿತ್ಸೆಗೆ ಶ್ರಮಿಸಿದ ಐಯೆಲೊನ ಮಗ ಲಾಯ್ಡ್ ಪಿ. ಐಯೆಲೊ ಮತ್ತು ಸಂಗಡಿಗರು, ಶಸ್ತ್ರಕ್ರಿಯೆಯ ಸಮಯದಲ್ಲಿ ರೋಗಿಗಳ ಕಣ್ಣಿನ ದ್ರವವನ್ನು ಸಂಗ್ರಹಿಸಿ ಪರೀಕ್ಷಿಸಿದರು. ಅಕ್ಷಿಪಟಲ ಕೆಟ್ಟಿದ್ದ ಸಕ್ಕರೆ ರೋಗಿಗಳ 136 ಮಾದರಿಗಳಲ್ಲಿ 69ರಲ್ಲಿ ವಿ.ಇ.ಜಿ.ಎಫ್. ದೊರೆಯಿತು, ಹೊಸ ನಾಳಗಳು ಬೆಳೆಯುವ ರೋಗವಿಲ್ಲದವರ 31 ಮಾದರಿಗಳಲ್ಲಿ ದೊರೆತದ್ದು ಎರಡರಲ್ಲಿ ಮಾತ್ರ. ಲೇಸರ್ ಫಲಿಸಿದ ಕಣ್ಣುಗಳಲ್ಲಿ ಅದರ ಪ್ರಮಾಣ ಮುಕ್ಕಾಲು ಪಾಲು ಇಳಿದಿತ್ತು. ತಂದೆ ಬೆಳಕಿನಿಂದ ಅಡಗಿಸಿದ ಕೂಗು ಯಾವುದೆಂಬುದನ್ನು ಮಗ ಕಂಡುಹಿಡಿದ ಹಾಗಾಯಿತು.

ಎರಡನೆಯ ದನಿ

ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಕೂಗುವ ದನಿ ಒಂದೇ ಅಲ್ಲವೆಂದು ಮುಂದೆ ತಿಳಿಯಿತು. 1964ರಲ್ಲಿ ಪೊವೆಲ್ ಮತ್ತು ಫೀಲ್ಡ್ ಎಂಬ ವೈದ್ಯರು ಒಂದು ವಿಚಿತ್ರವನ್ನು ವರದಿ ಮಾಡಿದ್ದರು. ಸಕ್ಕರೆ ರೋಗದ ಜೊತೆಗೆ ಕೀಲುವಾತವೂ ಇದ್ದು, ಅದಕ್ಕಾಗಿ ಆಸ್ಪಿರಿನ್ ಜಾತಿಯ ಔಷಧವನ್ನು ಹೆಚ್ಚಾಗಿ ಸೇವಿಸುತ್ತಿದ್ದವರಲ್ಲಿ ಕಣ್ಣಿನ ಬಾಧೆ ಕಡಿಮೆ! ಅದು ಉರಿಯೂತವನ್ನು ಇಳಿಸುವ ಔಷಧ. ಹಾಗಾದರೆ ಕಣ್ಣಿನಲ್ಲಿಯೂ ಉರಿಯೂತ ಇರಬಹುದೆ?

ಉರಿಯೂತವೆಂದರೆ ನಮಗೆ ನೆನಪಾಗುವುದು ಮುಳ್ಳು ಚುಚ್ಚಿದ ಬೆರಳು: ಕೆಂಪು, ಬಿಸಿ, ಬಾವು, ನೋವು. ಅಕ್ಷಿಪಟಲದ ಉರಿಯೂತ ಅಂಥದಲ್ಲ. ನೋವೇ ಇಲ್ಲದ, ಬೂದಿ ಮುಚ್ಚಿದ ಕೆಂಡದಂಥದು. ಸಕ್ಕರೆಯಿಂದ ಕೆಟ್ಟ ನಾಳದ ಒಳಗೋಡೆ ಅಂಟಂಟಾಗುತ್ತದೆ. ದೇಹದ ಸೈನಿಕರಾದ ಬಿಳಿಯ ರಕ್ತಕಣಗಳು ಹರಿದು ಹೋಗುವ ಬದಲು ಅಲ್ಲೇ ಅಂಟಿ ನಿಲ್ಲುತ್ತವೆ. ಕೆಲವು ಕಡೆ ಸಣ್ಣ ನಾಳವನ್ನೇ ಮುಚ್ಚುತ್ತವೆ. ಕೆಲವು ಕಡೆ ಗೋಡೆಯನ್ನು ಕೊರೆಯುತ್ತವೆ. ಬಿಳಿಯ ಕಣಗಳು ಅಂಟಿಕೊಳ್ಳಲು ಬೇಕಾದ ಕೊಂಡಿಗಳು ಹುಟ್ಟಿನಿಂದಲೇ ಇಲ್ಲದ ಚಿಟ್ಟಿಲಿಗಳಿಗೆ ಸಕ್ಕರೆ ರೋಗ ಬರಿಸಿದಾಗ, ಅವುಗಳ ಅಕ್ಷಿಪಟಲದ ಹಾನಿ ಬಹಳ ಕಡಿಮೆಯಾಗಿತ್ತೆಂದು 2004ರಲ್ಲಿ ಪ್ರಕಟವಾಯಿತು. ರೋಗಿಗಳ ಕಣ್ಣಿನ ದ್ರವದಲ್ಲಿ ಇಂಟರ್‌ಲ್ಯೂಕಿನ್ 6, ಇಂಟರ್‌ಲ್ಯೂಕಿನ್ 8 ಮೊದಲಾದ ಉರಿಯೂತದ ದೂತರೂ ಹೆಚ್ಚಾಗಿ ಸಿಕ್ಕಿದವು.

ಈ ದೂತರಿಗೂ ವಿ.ಇ.ಜಿ.ಎಫ್.ಗೂ ಒಳಗೊಳಗೇ ಸ್ನೇಹ. ಉರಿಯೂತ ಹೆಚ್ಚಿದಷ್ಟೂ ವಿ.ಇ.ಜಿ.ಎಫ್. ಹೆಚ್ಚುತ್ತದೆ, ವಿ.ಇ.ಜಿ.ಎಫ್. ಹೆಚ್ಚಿದಷ್ಟೂ ಗೋಡೆ ಅಂಟಾಗಿ ಬಿಳಿಯ ಕಣಗಳು ಮತ್ತಷ್ಟು ಬಂದು ಸೇರುತ್ತವೆ. ಒಂದು ಬೆಂಕಿಯಾದರೆ ಇನ್ನೊಂದು ಗಾಳಿ. ಒಂದನ್ನು ಮಾತ್ರ ತಡೆದರೆ ಕೆಲವರ ಕಣ್ಣಿನ ಬಾವು ಇಳಿಯದಿರುವುದು ಇದೇ ಕಾರಣದಿಂದ.

ಹಾಗೆಂದು ಯಾರೂ ಆಸ್ಪಿರಿನ್ ಗುಳಿಗೆ ನುಂಗಿ ಕಣ್ಣು ಉಳಿಯಿತೆಂದು ನಿಶ್ಚಿಂತರಾಗಬಾರದು. ಅಮೆರಿಕದಲ್ಲಿ ದಿನಕ್ಕೆ 650 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ವರ್ಷಗಟ್ಟಲೆ ಪರೀಕ್ಷಿಸಿ, ಅದರಿಂದ ಕಣ್ಣಿನ ರೋಗಕ್ಕೆ ಲಾಭವೂ ಇಲ್ಲ, ಹಾನಿಯೂ ಇಲ್ಲವೆಂದು 1991ರಲ್ಲಿ ತೀರ್ಮಾನಿಸಿದರು. ಹೃದಯಕ್ಕಾಗಿ ವೈದ್ಯರು ಅದನ್ನು ಕೊಟ್ಟಿದ್ದರೆ ಕಣ್ಣಿಗೆ ಹೆದರಿ ಬಿಡಬೇಕಾಗಿಲ್ಲ, ಅಷ್ಟೆ.

ಕೂಗನ್ನು ಅಡಗಿಸುವ ಮದ್ದು

ಶತ್ರುವಿನ ಗುರುತು ಸಿಕ್ಕಿದ ಮೇಲೆ ಅಸ್ತ್ರ ತಡವಾಗಲಿಲ್ಲ. ವಿ.ಇ.ಜಿ.ಎಫ್.ನ್ನು ಹಿಡಿದು ಕಟ್ಟಿಹಾಕುವ ಬೆವಸಿಝುಮಾಬ್ ಎಂಬ ಔಷಧಕ್ಕೆ 2004ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗಾಗಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. 2005ರಲ್ಲಿ ಮಯಾಮಿ ನಗರದ ಫಿಲಿಪ್ ರೋಸೆನ್‌ಫೆಲ್ಡ್ ಅದರ ಒಂದು ಹನಿಯಷ್ಟನ್ನು ವೃದ್ಧರ ಕಣ್ಣಿಗೆ ಚುಚ್ಚಿ ನೋಡಿದನು. ಬಾವು ಇಳಿಯಿತು. ಕ್ಯಾನ್ಸರಿನ ಒಂದು ಸೀಸೆಯಿಂದ ಅನೇಕ ಕಣ್ಣುಗಳಿಗೆ ಆಗುವಷ್ಟು ಮದ್ದು ಸಿಗುವುದರಿಂದ ಖರ್ಚೂ ಕಡಿಮೆ. ಕಣ್ಣಿಗೆಂದೇ ತಯಾರಾದ ರಾನಿಬಿಝುಮಾಬ್ ಮತ್ತು ಅಫ್ಲಿಬರ್ಸೆಪ್ಟ್ ಆಮೇಲೆ ಬಂದವು. 2015ರಲ್ಲಿ ರಾನಿಬಿಝುಮಾಬ್‌ಗೆ ಸಮಾನವಾದ ಔಷಧವನ್ನು ನಮ್ಮ ದೇಶದಲ್ಲೇ ತಯಾರಿಸಿ ಮಾರಾಟಕ್ಕೆ ತಂದರು. ಮೂರನ್ನೂ ಹೋಲಿಸಿ ಅದೇ ವರ್ಷ ಪ್ರಕಟವಾದ ಅಧ್ಯಯನದ ಪ್ರಕಾರ, ಹಳದಿ ಚುಕ್ಕೆಯ ಬಾವಿನಿಂದ ದೃಷ್ಟಿ ಸ್ವಲ್ಪ ಮಾತ್ರ ಕುಂದಿದ್ದವರಿಗೆ ಮೂರೂ ಒಂದೇ. ಹೆಚ್ಚು ಕುಂದಿದ್ದವರಿಗೆ ಮೊದಲ ವರ್ಷದಲ್ಲಿ ಅಫ್ಲಿಬರ್ಸೆಪ್ಟ್ ಮೇಲು.

ಕಣ್ಣಿಗೆ ಸೂಜಿಯೆ? ಕೇಳಿದೊಡನೆ ಮೈ ಝುಮ್ಮೆನ್ನುತ್ತದೆ. ಆದರೆ ಹನಿ ಹಾಕಿ ಕಣ್ಣನ್ನು ಮರಗಟ್ಟಿಸಿ, ಶುಚಿಗೊಳಿಸಿ, ಬಿಳಿಯ ಭಾಗದಿಂದ ಅತಿ ಸಣ್ಣ ಸೂಜಿಯನ್ನು ಹಾಯಿಸುತ್ತಾರೆ. ಕೆಲವೇ ಕ್ಷಣಗಳ ಕೆಲಸ. ಬಹುಮಂದಿಗೆ ತುಸು ಒತ್ತಿದಂತೆ ಅನಿಸುತ್ತದೆ, ಅಷ್ಟೆ. ಸೋಂಕು ತಗಲುವುದು ಬಹು ಅಪರೂಪ. ಆದರೆ ಚುಚ್ಚಿಸಿಕೊಂಡ ಮೇಲೆ ಕಣ್ಣು ನೋಯತೊಡಗಿ ಕೆಂಪಾದರೆ ಆ ದಿನವೇ ವೈದ್ಯರ ಬಳಿಗೆ ಓಡಬೇಕು. ಉರಿಯೂತದ ದನಿ ಜೋರಾಗಿರುವವರಿಗೆ ಸ್ಟೀರಾಯ್ಡ್ ಔಷಧದ ಪುಟ್ಟ ಕಡ್ಡಿಯನ್ನು ಕಣ್ಣಿನೊಳಗೆ ಇಡುವುದುಂಟು. ಅದರಿಂದ ಪೊರೆ ಬೆಳೆಯಬಹುದು, ಕಣ್ಣಿನ ಒತ್ತಡ ಏರಬಹುದು; ಆದಕಾರಣ ವೈದ್ಯರ ಕಾವಲು ಅಗತ್ಯ. 2022ರಲ್ಲಿ ಬಂದ ಫಾರಿಸಿಮಾಬ್ ವಿ.ಇ.ಜಿ.ಎಫ್.ನ ಜೊತೆಗೆ, ನಾಳದ ಗೋಡೆಯನ್ನು ಸಡಿಲಗೊಳಿಸಿ ಉರಿಯೂತಕ್ಕೆ ಇಂಬುಕೊಡುವ ಮತ್ತೊಂದು ಪ್ರೋಟೀನನ್ನೂ ತಡೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಮದ್ದುಗಳು ಕೂಗನ್ನು ಅಡಗಿಸುತ್ತವೆಯೇ ಹೊರತು ಹಸಿವನ್ನು ನೀಗಿಸುವುದಿಲ್ಲ. ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಔಷಧ ಕರಗಿದ ಮೇಲೆ ಕೂಗು ಮತ್ತೆ ಏಳುತ್ತದೆ. ಲೇಸರಿನ ಗುರುತು ಶಾಶ್ವತ. ಸೂಜಿಮದ್ದಿನ ಫಲ ತಾತ್ಕಾಲಿಕ. ಹೊಸ ನಾಳ ಬೆಳೆದಿದ್ದ ರೋಗಿಗಳಲ್ಲಿ ಆರು ತಿಂಗಳಿಗೂ ಮೀರಿ ಆಸ್ಪತ್ರೆಯ ಕಡೆ ತಲೆಹಾಕದಿದ್ದವರನ್ನು ಹೋಲಿಸಿ ನೋಡಿದಾಗ, ಸೂಜಿಮದ್ದನ್ನೇ ನಂಬಿದ್ದವರ ಕಣ್ಣು ಲೇಸರ್ ಮಾಡಿಸಿಕೊಂಡವರ ಕಣ್ಣಿಗಿಂತ ಹೆಚ್ಚು ಕೆಟ್ಟಿತ್ತೆಂದು 2019ರಲ್ಲಿ ವರದಿಯಾಯಿತು. “ಈಗ ಚೆನ್ನಾಗಿ ಕಾಣುತ್ತಿದೆಯಲ್ಲ, ಇನ್ನೇಕೆ ಹೋಗುವುದು?” ಎಂಬ ಮಾತಿಗೆ ಈ ರೋಗದಲ್ಲಿ ತೆರಬೇಕಾದ ಬೆಲೆ ದೃಷ್ಟಿಯೇ.

ಮನೆಯವರು ಮಾಡಬೇಕಾದ್ದು

ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿತು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ, ನಲವತ್ತು ದಾಟಿದ ಸಕ್ಕರೆ ರೋಗಿಗಳಲ್ಲಿ ಎಂಟು ಮಂದಿಗೆ ಒಬ್ಬರಂತೆ ಅಕ್ಷಿಪಟಲ ಕೆಟ್ಟಿತ್ತು.

ಹಸಿವೇ ಹುಟ್ಟದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿ ಬಹಳಷ್ಟು ಇದೆ. ಇನ್ಸುಲಿನ್ನನ್ನೇ ಅವಲಂಬಿಸಿದ 1,441 ರೋಗಿಗಳನ್ನು ಅಮೆರಿಕ ಮತ್ತು ಕೆನಡಾಗಳಲ್ಲಿ ವರ್ಷಗಟ್ಟಲೆ ಗಮನಿಸಿದ ಅಧ್ಯಯನ 1993ರಲ್ಲಿ ಮುಗಿಯಿತು. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಿಗೆ ಕಣ್ಣಿನ ರೋಗ ಹೊಸದಾಗಿ ಬರುವ ಅಪಾಯ ಶೇಕಡ 76ರಷ್ಟು ಕಡಿಮೆಯಾಗಿತ್ತು. ರಕ್ತದ ಒತ್ತಡವನ್ನು ಬಿಗಿಹಿಡಿದರೆ ಕಣ್ಣಿನ ರೋಗ ಉಲ್ಬಣಿಸುವುದು ಶೇಕಡ 34ರಷ್ಟು ತಗ್ಗುತ್ತದೆಂದು 1998ರಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿತು.

ಮಿಕ್ಕದ್ದು ಕಾಲಕ್ಕೆ ಸರಿಯಾದ ಪರೀಕ್ಷೆ. ಕನ್ನಡಕದ ಅಂಗಡಿಯಲ್ಲಿ ಅಕ್ಷರದ ಹಲಗೆ ಓದಿದರೆ ಸಾಲದು. ಹನಿ ಹಾಕಿ ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ನೋಡಬೇಕು, ಅಥವಾ ಅದರ ಭಾವಚಿತ್ರ ತೆಗೆಯಬೇಕು. ಇಂಥ ಚಿತ್ರ ತೆಗೆಯುವ ಹಗುರವಾದ ಯಂತ್ರಗಳು ಈಗ ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತಿವೆ. ನಡುವಯಸ್ಸಿನಲ್ಲಿ ಬರುವ ಸಾಮಾನ್ಯ ಸಕ್ಕರೆ ರೋಗದಲ್ಲಿ, ರೋಗ ಗೊತ್ತಾದ ದಿನದಿಂದಲೇ ಈ ಪರೀಕ್ಷೆ ಆರಂಭವಾಗಬೇಕು; ಏಕೆಂದರೆ ಅದು ಗೊತ್ತಾಗುವ ಎಷ್ಟೋ ಮೊದಲೇ ದೇಹದಲ್ಲಿ ನೆಲೆಸಿರುತ್ತದೆ. ಎಳೆಯರಲ್ಲಿ ಇನ್ಸುಲಿನ್ನೇ ಬೇಕಾಗುವ ರೋಗವಾದರೆ ಐದು ವರ್ಷದೊಳಗೆ. ಅಲ್ಲಿಂದ ಮುಂದೆ ವೈದ್ಯರು ಬೇರೆ ಹೇಳದಿದ್ದರೆ ವರ್ಷಕ್ಕೊಮ್ಮೆ. ಸಕ್ಕರೆ ರೋಗವಿರುವ ಸ್ತ್ರೀ ಗರ್ಭಿಣಿಯಾದರೆ ಕೂಡಲೇ ತೋರಿಸತಕ್ಕದ್ದು. ಗರ್ಭಧಾರಣೆಯಲ್ಲಿ ಈ ರೋಗ ಬೇಗ ಮುಂದುವರಿಯಬಲ್ಲುದು.

ನಮ್ಮ ಮೇಷ್ಟರ ಕಣ್ಣಿಗೂ ಚಿಕಿತ್ಸೆಯಿದೆ. ರಕ್ತ ತಾನಾಗಿ ಕರಗಬಹುದು, ಕರಗದಿದ್ದರೆ ಶಸ್ತ್ರಕ್ರಿಯೆಯಿಂದ ತೆಗೆಯಬಹುದು. ಲೇಸರ್ ಉಂಟು, ಸೂಜಿಮದ್ದು ಉಂಟು. ಆದರೆ ಪೊರೆ ತೆಗೆದಾಗ ಬೆಳಕು ಮರಳಿದಂತೆ, ಸತ್ತ ಅಕ್ಷಿಪಟಲಕ್ಕೆ ಬೆಳಕು ಮರಳುವುದಿಲ್ಲ. ಹದಿನೈದು ವರ್ಷಗಳಲ್ಲಿ ಒಮ್ಮೆಯಾದರೂ ಅವರ ಕಣ್ಣಿನೊಳಗೆ ಯಾರಾದರೂ ಇಣುಕಿ ನೋಡಿದ್ದರೆ, ಆ ಜೇಡರ ಬಲೆ ಇಳಿಯುವ ಮೊದಲೇ ಕೂಗು ಕೇಳಿಸುತ್ತಿತ್ತು.

ನಿಮ್ಮ ಮನೆಯಲ್ಲಿಯೂ ಸಕ್ಕರೆ ಇಲ್ಲದ ಕಾಫಿ ಕುಡಿಯುವವರೊಬ್ಬರು ಇರಬಹುದು. ಈ ಪುಟ ತಿರುಗಿಸುವ ಮುನ್ನ ಅವರನ್ನು ಕೇಳಿ: “ಕಣ್ಣಿಗೆ ಹನಿ ಹಾಕಿಸಿಕೊಂಡು ಒಳಗೆ ತೋರಿಸಿ ಎಷ್ಟು ದಿನವಾಯಿತು?”